ಹಂಪಿ ಬಿಟ್ಟು ಬರಿ

ಪ್ರಬಂಧಗಳ ಕಟ್ಟಿನ ದಾರ ಬಿಚ್ಚುವ ಮೊದಲು ಒಂದು ಲೋಟ ಗಟ್ಟಿ ಚಹಾ ಕುಡಿಯುವುದು ನನ್ನ ರೂಢಿಯಾಗಿತ್ತು. ಚಟವೆನ್ನಬೇಡಿ, ಮಿತ್ರರೇ, ಹೊಸಪೇಟೆಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುತ್ತ, ಅವರು ಗೀಚಿದ್ದನ್ನೆಲ್ಲ ಓದಿ ಅಂಕ ಹಾಕುವ ಕರ್ಮಕ್ಕೆ ಬಿದ್ದವನಿಗೆ ಅದು ಔಷಧ. ಏಕೆಂದರೆ ವಿಷಯ ಯಾವುದೇ ಇರಲಿ, ನಮ್ಮ ಮಕ್ಕಳು ಮೂರನೆಯ ವಾಕ್ಯಕ್ಕೆ ಹಂಪಿಗೆ ಹೋಗಿಬಿಡುತ್ತಿದ್ದರು.

‘ಮಳೆಗಾಲದ ಒಂದು ದಿನ’ ಎಂದು ಕೊಟ್ಟರೆ ಮಳೆ ಬರುತ್ತಿತ್ತು, ಹಾಳು ಹಂಪಿಯ ಕಲ್ಲುಗಳ ಮೇಲೆ ಸುರಿಯುತ್ತಿತ್ತು, ಅಲ್ಲಿಗೆ ಮಳೆಯ ಕಥೆ ಮುಗಿದು ಬೀದಿಯಲ್ಲಿ ಮುತ್ತುರತ್ನಗಳನ್ನು ಬಳ್ಳದಿಂದ ಅಳೆದು ಮಾರಿದ ವೈಭವ ಶುರುವಾಗುತ್ತಿತ್ತು. ‘ನನ್ನ ಸೈಕಲ್’ ಎಂದರೆ ಸೈಕಲ್ ಹತ್ತಿ ಕಡ್ಡಿರಾಂಪುರ ದಾಟಿ ಸೀದಾ ಹಂಪಿ. ಒಬ್ಬ ಮಹಾನುಭಾವ ‘ಕುಟುಂಬ ಯೋಜನೆ’ಯಿಂದಲೂ ಅಲ್ಲಿಗೆ ದಾರಿ ಕಂಡುಕೊಂಡಿದ್ದ! ಹೈಸ್ಕೂಲಿನಲ್ಲಿ ಹಂಪಿಯ ಮೇಲೊಂದು ಪ್ರಬಂಧ ಉರು ಹೊಡೆದು, ಯಾವ ಪ್ರಶ್ನೆ ಬಂದರೂ ಅದನ್ನೇ ಇಳಿಸುವುದು ಈ ಸೀಮೆಯ ಪದ್ಧತಿ. ಅಲ್ಲ, ಮನೆಮುಂದೆ ಕಾಲುವೆ ತುಂಬಿ ಹರಿಯುತ್ತಿದೆ, ಕಬ್ಬು ಭತ್ತ ನಳನಳಿಸುತ್ತಿವೆ, ಕಂಪ್ಲಿ ರಸ್ತೆಯಲ್ಲಿ ಹೊಸ ಟ್ರ್ಯಾಕ್ಟರುಗಳು ಧೂಳೆಬ್ಬಿಸುತ್ತಿವೆ. ಕಂಡದ್ದನ್ನು ಬರೆಯಲು ಇವರಿಗೇನು ಧಾಡಿ?

ಬುಕ್ಕಸಾಗರದ ಹುಲಿಗೆಮ್ಮನ ಪತ್ರಿಕೆಯಲ್ಲಿ ಮತ್ತೆ ಅದೇ ಮುತ್ತುರತ್ನ ಎದುರಾದಾಗ ರೋಸಿಹೋಗಿ ಫೇಲು ಮಾಡಿದೆ. ಮಾರನೆಯ ದಿನ ಅವಳ ಅಪ್ಪ, ಭತ್ತದ ರೈತ ಯಂಕೋಬಣ್ಣ, ಮಗಳನ್ನು ಕರೆದುಕೊಂಡು ನನ್ನ ಮನೆಗೆ ಬಂದ.

“ಇನ್ನೊಮ್ಮೆ ಬರಸ್ರಿ ಸರ. ಈ ಸಲಾನೂ ಫೇಲಾದ್ಲಂದ್ರ ಕಾಲೇಜು ಸಾಕು. ಆಕಿ ಸೋದರಮಾವ ಕಾಯಾಕ ಹತ್ಯಾನ, ಲಗ್ನ ಮಾಡಿ ಕೈ ತೊಳಕಂತೀನಿ.”

“ನಾನು ಓದ್ಬೇಕ್ರಿ ಸರ,” ಎಂದಳು ಹುಡುಗಿ, ನೆಲ ನೋಡುತ್ತ.

ಯಂಕೋಬಣ್ಣನನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ ಬಂದು ಅವಳಿಗೆ ಕಾಗದ ಕೊಟ್ಟೆ. “‘ನಮ್ಮ ಮನೆಯ ಮುಂಜಾವು’ ಬರಿಯವ್ವ. ಹಂಪಿ ಸುದ್ದಿ ಬಂತಂದ್ರ ಹರಿದು ಒಗಿತೀನಿ.”

“ಹಂಪಿ ಬಿಟ್ರ ಬರಿಯಾಕ ಏನೈತ್ರಿ ಸರ?”

“ಮನ್ಯಾಗ ದಿನಾ ನಡಿಯೋದು ಬರಿ.”

“ಇದ್ದದ್ದು ಇದ್ದಂಗ ಬರೀಲೇನ್ರಿ?”

“ಇದ್ದದ್ದು ಇದ್ದಂಗ!” ಎಂದು ಗದರಿದೆ.

ಬರೆದಳು. ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಮಂದಿ ಏಳುವ ಮೊದಲೇ ಅಪ್ಪ ಅವಳನ್ನು ಎಬ್ಬಿಸಿಕೊಂಡು ಗದ್ದೆಗೆ ಹೋಗುತ್ತಾನೆ. ಆ ಹೊತ್ತಿನ ನೀರಿನ ಪಾಳಿ ದೊಡ್ಡಪ್ಪನದು. ಆದರೂ ಅಪ್ಪ ಬದುವಿನ ಮಣ್ಣು ಕಡಿದು ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುತ್ತಾನೆ. ಇವಳು ಕಾಲುವೆಯ ಏರಿಯ ಮೇಲೆ ಕಾವಲು ನಿಂತು, ಯಾರಾದರೂ ಬಂದರೆ ಕೆಮ್ಮಬೇಕು. ಕೊನೆಗೆ ಹೀಗಿತ್ತು: ‘ಏರಿಯ ಪಕ್ಕದ ಮನೆಯಿಂದ ದಿನವೂ ನನ್ನ ಕೆಮ್ಮು ಕೇಳಿಸಿಕೊಂಡ ದೊಡ್ಡಮ್ಮ ಶುಂಠಿ ಕಷಾಯ ಮಾಡಿಕೊಟ್ಟಳು. ಬೇಡ ಎನ್ನಲು ಆಗಲಿಲ್ಲ. ಅವಳ ಎದುರಿಗೇ ಕುಡಿದೆ. ಬಹಳ ಖಾರವಿತ್ತು.’

ಪೀಠಿಕೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು ಎಂದು ಅಂಕ ಹಂಚಿಕೊಟ್ಟ ಪುಣ್ಯಾತ್ಮರು ಈ ಕಷಾಯಕ್ಕೆ ಎಷ್ಟೆಂದು ಹೇಳಿರಲಿಲ್ಲ. ಮಕ್ಕಳು ಹಂಪಿಗೆ ಯಾಕೆ ಓಡುತ್ತಾರೆಂಬುದೂ ಆಗ ಹೊಳೆಯಿತು: ಅಲ್ಲಿರುವವರೆಲ್ಲ ಎಂದೋ ಸತ್ತವರು, ಅವರ ಬಗ್ಗೆ ಏನು ಬರೆದರೂ ಯಾರ ಮನೆಯಲ್ಲೂ ಜಗಳವಾಗುವುದಿಲ್ಲ. ಪೂರ್ತಿ ಅಂಕ ಹಾಕಿದೆ.

ಅಷ್ಟರಲ್ಲಿ ಯಂಕೋಬಣ್ಣ ಒಳಗೆ ಬಂದು ಕೈ ಚಾಚಿದ. “ಏನು ಬರದಾಳ್ರಿ ಸರ? ಕೊಡ್ರಿ, ನಾನೂ ಸ್ವಲ್ಪ ಓದ್ತೀನಿ.”

ಹುಲಿಗೆಮ್ಮನ ಮುಖ ಬಿಳಿಚಿಕೊಂಡಿತು. ನಾನು ಕಾಗದವನ್ನು ಮಡಚಿ ಜೇಬಿಗೆ ಇಳಿಸಿದೆ.

“ಹಂಪಿ ಬಗ್ಗೆ ಬರದಾಳ್ರಿ,” ಎಂದೆ. “ಪಾಸು.”

“ಮುತ್ತುರತ್ನ ಎಲ್ಲಾ ಬರದಾಳೇನ್ರಿ?”

“ಎಲ್ಲಾ.”

ಯಂಕೋಬಣ್ಣನ ಮುಖ ಅರಳಿತು. “ಅದನ್ನ ಬಾಯಿಪಾಠ ಮಾಡ್ಸಿದಾಂವ ನಾನ ರೀ! ಮಸ್ತ್ ಆತು ಬಿಡ್ರಿ. ಓದ್ಲಿ, ಎಷ್ಟು ಓದ್ತಾಳೋ ಓದ್ಲಿ. ನಮ್ಮ ಮನಿ ಮರ್ಯಾದಿ ಉಳಿಸಿದ್ಲು.”

“ಹೌದ್ರಿ,” ಎಂದೆ, “ಉಳಿಸಿದ್ಲು.”