ಪಾಚಿ ಚೀಲದ ಗುರುಶಾಂತವ್ವ

ಬೆಳಗಿನ ಆರು ಗಂಟೆ. ಕಿರವತ್ತಿಯ ಹೆದ್ದಾರಿ ಬದಿಯ ಮತ್ತಿ ಮರಕ್ಕೆ ಏಣಿ ಒರಗಿಸಿ, ಎರಡೂ ಕೈಗೆ ಪ್ಲಾಸ್ಟಿಕ್ ಕವರು ತೊಟ್ಟ ಹೆಂಗಸೊಬ್ಬರು ಟೊಂಗೆಗೆ ಹಸಿರು ಗಂಟೊಂದನ್ನು ಕಟ್ಟುತ್ತಿದ್ದಾರೆ. ಲಾರಿಯೊಂದು ನಿಧಾನಿಸುತ್ತದೆ. ಡ್ರೈವರ್ ಗಂಟು ನೋಡಿ, ಹೆಂಗಸನ್ನು ನೋಡಿ, ಯಾವುದಕ್ಕೂ ಇರಲಿ ಎಂದು ಕೈ ಮುಗಿದು ಮುಂದೆ ಹೋಗುತ್ತಾನೆ.

"ಕೆಲವರು ಮಾಟ ಅಂತಾರ, ಕೆಲವರು ಹರಕಿ ಅಂತಾರ. ಪಾಚಿ ಅಂದ್ರ ಯಾರೂ ನಂಬಂಗಿಲ್ರೀ," ಎನ್ನುತ್ತ ಗುರುಶಾಂತವ್ವ ಇಳಿಯುತ್ತಾರೆ.

ಅದು ಪಾಚಿಯೇ. ಪಾಚಿಗೆ ಬೇರಿಲ್ಲ, ಬೇಕಾದ್ದು ಬೇಡದ್ದು ಎಲ್ಲವನ್ನೂ ಗಾಳಿ ಮಳೆಯಿಂದಲೇ ಹೀರುತ್ತದೆ. ಕಾಡಿನ ಪಾಚಿಯನ್ನು ತೊಳೆದು, ಬಲೆ ಚೀಲಕ್ಕೆ ತುಂಬಿ ತಿಂಗಳು ತೂಗುಬಿಟ್ಟರೆ ಗಾಳಿಯಲ್ಲಿ ಸೀಸವಿದೆಯೇ ಎಂಬುದು ಪ್ರಯೋಗಾಲಯದಲ್ಲಿ ತಿಳಿಯುತ್ತದೆ. ಮರದಾಚೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ ಇದೆ. ಅದರ ಹೊಗೆ ಅಳೆಯಲು ಶಿರಸಿಯ ಉಪನ್ಯಾಸಕಿ ಪರಿಮಳಾ ಹೆಗಡೆ ನೇಮಿಸಿಕೊಂಡ ಸಹಾಯಕಿ ಇವರು. ಮಜಾ ಏನೆಂದರೆ, ಶೆಡ್ಡಿನಲ್ಲಿ ಬ್ಯಾಟರಿ ಒಡೆಯುವವರು ಇವರ ಯಜಮಾನರು ಶಂಕ್ರಪ್ಪ. ಗಂಡ ಎಬ್ಬಿಸಿದ ಹೊಗೆಯನ್ನು ಹೆಂಡತಿ ಹಿಡಿಯುತ್ತಾರೆ. ರಾತ್ರಿ ಊಟಕ್ಕೆ ಮಾತ್ರ ಇಬ್ಬರೂ ಒಂದೇ ಪಕ್ಷ.

ಹೋದ ವರ್ಷದ, ಅಂದರೆ 2002ರ, ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಹೋಲಿಕೆಗೆಂದು ದೂರದ ಕಾಡಿನಲ್ಲಿ ಕಟ್ಟಿದ ಚೀಲದಲ್ಲೂ ಶೆಡ್ಡಿನಷ್ಟೇ ಸೀಸ! ವಿಚಾರಿಸಿದರೆ, ಆಯುಧ ಪೂಜೆಯ ದಿನ ಗುರುಶಾಂತವ್ವ ಎಲ್ಲ ಚೀಲಗಳಿಗೂ ಕುಂಕುಮ ಹಚ್ಚಿ ಬಂದಿದ್ದರು.

"ಬೈಯಬೇಕು ಅಂತ ಬಂದೆ, ನಗು ತಡೀಲೇ ಇಲ್ಲ. ಸೀಸ ಇದ್ದದ್ದು ಆ ಅಗ್ಗದ ಕುಂಕುಮದಲ್ಲಿ," ಎನ್ನುತ್ತಾರೆ ಪರಿಮಳಾ.

"ಲಾರಿಗೆ ಹಚ್ತಾರ, ಕುಡಗೋಲಿಗೆ ಹಚ್ತಾರ. ನನ್ನ ಆಯುಧ ಇದ ಅಲ್ರೀ?" ಎಂಬುದು ಗುರುಶಾಂತವ್ವನ ವಾದ.

ಶೆಡ್ಡಿನ ಮಾಲೀಕರಿಗಂತೂ ಹಬ್ಬವೇ ಹಬ್ಬ. ಸೀಸವೆಲ್ಲ ಕುಂಕುಮದ್ದು ಎಂದು ಊರೆಲ್ಲ ಸಾರಿದರು. ಶಂಕ್ರಪ್ಪನವರೂ ತಲೆಯಾಡಿಸಿದರು. ಗುರುಶಾಂತವ್ವನಿಗೆ ನೋವಾದದ್ದು ಅಲ್ಲಿಯೇ. ಸೀಸ ಮೈಸೇರಿದವರಿಗೆ ಬರುವಂಥ ಹೊಟ್ಟೆನೋವು ಗಂಡನಿಗೆ ವರ್ಷವಾದರೂ ನಿಂತಿಲ್ಲ. ಚಹಾ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಈ ವರ್ಷ ಗುರುಶಾಂತವ್ವ ಹಬ್ಬದ ದಿನ ಚೀಲಗಳ ಹತ್ತಿರವೂ ಸುಳಿಯಲಿಲ್ಲ. ಹೋದ ವಾರ ವರದಿ ಬಂದಿದೆ: ಕಾಡಿನ ಚೀಲ ಶುದ್ಧ, ಶೆಡ್ಡಿನ ಪಕ್ಕದ್ದರಲ್ಲಿ ಸೀಸವೋ ಸೀಸ.

"ಅದು ಮರದ ಸುದ್ದಿ. ನನಗೇನಾಗೇತಿ?" ಎಂದು ಶಂಕ್ರಪ್ಪ ಸೈಕಲ್ ಹತ್ತಿ ಶೆಡ್ಡಿಗೇ ಹೊರಡುತ್ತಾರೆ. ಅವರ ಅಂಗಿಯ ಕಿಸೆ ಉಬ್ಬಿದೆ.

ಗುರುಶಾಂತವ್ವ ದನಿ ತಗ್ಗಿಸುತ್ತಾರೆ. "ನಿನ್ನೆ ಅವರ ಕಿಸೇದಾಗ ಒಂದು ಪಾಚಿ ಚೀಲ ಇಟ್ಟು ಹೊಲದೀನ್ರೀ, ಅವರ ಮೈಮ್ಯಾಲ ಎಷ್ಟು ಸೀಸ ಬೀಳ್ತೈತಿ ಗೊತ್ತಾಗ್ಲಿ ಅಂತ. ಮೇಡಮ್ಮಾರಿಗೆ ಹೇಳಬ್ಯಾಡ್ರಿ. ಅದರ ವರದಿ ಬರೂದರಾಗ, ಕೆಲಸ ಬಿಟ್ಟು ಅವರು ಮನಿಗೆ ಬಂದ್ರ ಸಾಕು."