ಮುಟ್ಟಲ್ಲದ ರಕ್ತ

ಆಗಿನ್ನೂ ಇಂಗ್ಲಿಷರ ಕಾಲ. ಮಾವನವರು ಮಡಿಕೇರಿಯ ದೇವಸ್ಥಾನವೊಂದರ ಅರ್ಚಕರು, ನಮ್ಮ ಯಜಮಾನರು ಶಾಲೆ ಮೇಷ್ಟ್ರು. ಮನೆಯಲ್ಲಿ ಮಡಿ ಜೋರು. ನನ್ನ ಸೀರೆಯ ಮೇಲೆ ಕಲೆ ಕಂಡದ್ದೇ ಅತ್ತೆ, "ಹೊರಗೆ ಕೂತ್ಕೋ" ಅಂದರು.

"ಅದಲ್ಲ ಅತ್ತೆ, ಒಂದಕ್ಕೆ ಹೋದಾಗ ಬರ್ತದೆ. ಉರಿ ತಡೆಯಲಿಕ್ಕೆ ಆಗುದಿಲ್ಲ."

"ರಕ್ತ ಅಂದ್ರೆ ರಕ್ತವೇ. ಎಲ್ಲಿಂದ ಬಂತು ಅಂತ ದೇವರಿಗೆ ಹೇಳ್ಲಿಕ್ಕೆ ಹೋಗ್ತೀಯಾ?"

ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡೆ. ಮಿಂದು ಒಳಗೆ ಬಂದರೆ ಮತ್ತೆ ರಕ್ತ, ಮತ್ತೆ ಹೊರಗೆ. ತಿಂಗಳುಗಟ್ಟಲೆ ಇದೇ ಆಯಿತು. ಗಳಿಗೆಗೊಮ್ಮೆ ಹಿತ್ತಲಿಗೆ ಓಡಬೇಕು, ಹೋದರೆ ಬರುವುದು ಹನಿ. ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ.

ಕೊನೆಗೆ ಇವರು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ತಡಮಾಡದೆ ಮೈಸೂರಿಗೆ ಹೋಗಿ ಅಂದರು. ಮೈಸೂರಿನ ದೊಡ್ಡ ಡಾಕ್ಟರು ಮಂಪರು ಬರುವ ಔಷಧ ಕೊಟ್ಟು, ತುದಿಯಲ್ಲಿ ಪುಟ್ಟ ದೀಪವಿದ್ದ ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡಿದರು. ಆಮೇಲೆ ಬಾಗಿಲ ಆಚೆ ಅವರು ಇವರಿಗೆ ಹೇಳುತ್ತಿದ್ದದ್ದು ಮಂಪರಿನಲ್ಲೂ ನನಗೆ ಕೇಳಿಸಿತು.

"ಕ್ಯಾನ್ಸರ್ ಥರಾನೇ ಕಾಣುತ್ತೆ. ಹಾಗಿದ್ದರೆ ಮೂತ್ರಕೋಶ ತೆಗೀಬೇಕು. ಒಳಗಿಂದ ತೆಗೆದ ಒಂದು ಚೂರು ಮದರಾಸಿಗೆ ಪರೀಕ್ಷೆಗೆ ಕಳಿಸ್ತೀನಿ. ಗೊತ್ತಾಗೋವರೆಗೆ ಕೊಯ್ಯೋದು ಬೇಡ."

ಊರಿಗೆ ಬಂದು ಕಾದೆವು. ಕಾಯಿಲೆಯ ಹೆಸರು ಕೇಳಿದ ಮೇಲೆ ಅತ್ತೆ ಮಡಿಯ ಮಾತೆತ್ತಲಿಲ್ಲ. ನನ್ನ ಹಾಸಿಗೆಯನ್ನು ತಾವೇ ನಡುಮನೆಗೆ ತಂದರು, ಪಕ್ಕದಲ್ಲಿ ಕೂತು ಗಂಜಿ ಕುಡಿಸಿದರು. ಸಾಯುವವಳಿಗೆ ಮೈಲಿಗೆ ಇಲ್ಲ ಅಂದುಕೊಂಡು ನಾನು ಸುಮ್ಮನೆ ಕುಡಿದೆ.

ಮತ್ತೆ ಮೈಸೂರಿಗೆ ಹೋದಾಗ ಡಾಕ್ಟರ ಮುಖ ಸಡಿಲವಾಗಿತ್ತು. "ಕ್ಯಾನ್ಸರ್ ಅಲ್ಲಮ್ಮ. ಒಳಪೊರೆ ಉರಿಯೂತದಿಂದ ಗಂಟುಗಂಟಾಗಿದೆ. ಅಪರೂಪ ಇದು. ಬರೀ ಕಣ್ಣಿಗೆ ಎರಡೂ ಒಂದೇ ಥರ, ನಾನೂ ಮೋಸಹೋಗಿದ್ದೆ."

ಇವರು ಮುಖ ಮುಚ್ಚಿಕೊಂಡು ಅತ್ತರು. ನಾನು, "ಉರಿ ಯಾವಾಗ ಹೋಗ್ತದೆ?" ಅಂತ ಕೇಳಿದೆ.

"ನಿಧಾನ ಆಗುತ್ತೆ."

ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿ, "ಏನೂ ಇಲ್ವಂತಲ್ಲ! ನಾಳೆಯಿಂದ ಅಡುಗೆ ನೀನೇ ನೋಡ್ಕೋ" ಅಂದರು. ಖುಷಿಯಿಂದಲೇ ಅಂದರು.

ವಾರಕ್ಕೊಮ್ಮೆ ಡಾಕ್ಟರಮ್ಮ ಬೆಳ್ಳಿ ಕಲಸಿದ ಔಷಧದ ನೀರಿನಿಂದ ಮೂತ್ರಕೋಶ ತೊಳೆಯುತ್ತಿದ್ದರು. ಅದರ ಉರಿ ಕಾಯಿಲೆಗಿಂತ ಹೆಚ್ಚು. ಏರು ಹತ್ತಿ ಮನೆಗೆ ಬಂದು ಒಲೆ ಮುಂದೆ ಕೂರುತ್ತಿದ್ದೆ. ಒಮ್ಮೆ ಕಣ್ಣು ಕತ್ತಲಿಟ್ಟು ಅಲ್ಲೇ ಬಿದ್ದೆ. ಅಮ್ಮನೆದುರು ಎಂದೂ ಬಾಯಿ ತೆರೆಯದ ಇವರು, "ಇವಳು ವಾಸಿಯಾಗುವವರೆಗೆ ಅಡುಗೆ ನಾನು ಮಾಡ್ತೇನೆ" ಅಂದರು. ಮಗ ಸೌಟು ಹಿಡಿದದ್ದನ್ನು ನೋಡಲಾರದೆ ಅತ್ತೆ ಅದನ್ನು ಕಿತ್ತುಕೊಂಡರು. ನನ್ನ ಕೂಡೆ ಬಹಳ ದಿನ ಮಾತಾಡಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ರಕ್ತ ನಿಂತಿತು. ಮೈಸೂರಿನಲ್ಲಿ ಮತ್ತೊಮ್ಮೆ ನೋಡಿ, ಗಂಟುಗಳು ಇಳಿದಿವೆ ಅಂದರು. ಸಂತೋಷಪಡಬೇಕಿತ್ತು. ಬಸ್ಸು ಹತ್ತಿ ಇವರ ಹೆಗಲಿಗೆ ಒರಗಿದ್ದಷ್ಟೇ ನೆನಪು. ದಾರಿಯಲ್ಲಿ ಫ್ರೇಸರ್‌ಪೇಟೆ ಬಂದದ್ದೂ ತಿಳಿಯದಷ್ಟು ನಿದ್ದೆ.