ಅವ್ವನ ಎರಡು ಹೆಸರು

ಬೆಳಿಗ್ಗೆ ನಲ್ಲಿ ನೀರು ಬಂತು, ಎರಡು ಡ್ರಮ್ಮು ತುಂಬಿಸಿದೆ. ಹಾಸಿಗೆಯ ಚಾದರ ಒಗೆದು ಹಾಕಿದೆ. ಮನೆಯವರ ಬಿ.ಪಿ. ಗುಳಿಗೆ ತರಿಸಿದೆ. ಆಮೇಲೆ ಸಿರವಾರದಿಂದ ಬಂದಿದ್ದ ತಂಗಿ ಶಾಂತಾಳ ಜೊತೆ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಗೆ ಹೋದೆ. ಟೈಪು ಮಾಡುವವನು ಹೋದ ವರ್ಷ ತೀರಿಕೊಂಡ ಅವ್ವನ ಕಾಗದಗಳನ್ನು ತಿರುವಿ, "ಈ ಹುಲಿಗೆಮ್ಮ ಯಾರ್ರಿ? ಸರೋಜಮ್ಮ ಯಾರ್ರಿ?" ಎಂದ. "ಇಬ್ರೂ ನಮ್ಮವ್ವನೇ ರೀ" ಎಂದೆ. ಆ ಮೊದಲನೆಯ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕರೆದದ್ದು ಕೇಳಿ ನಲವತ್ತು ವರ್ಷವಾದರೂ ಆಗಿತ್ತು.

ಅಪ್ಪನ ತಾಯಿ, ದೇವದುರ್ಗದ ನಮ್ಮಜ್ಜಿಯ ಹೆಸರೂ ಹುಲಿಗೆಮ್ಮ. ಅತ್ತೆಯ ಹೆಸರಿಟ್ಟುಕೊಂಡ ಸೊಸೆಯನ್ನು ಆ ಮನೆಯಲ್ಲಿ ಕರೆಯುವುದು ಹೇಗೆ, ಬೈಯುವುದಂತೂ ಹೇಗೆ? ಅದಕ್ಕೇ ಮದುವೆಯ ದಿನ ಅಪ್ಪ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಸರೋಜಾ ಎಂದು ಬರೆದನಂತೆ. ದೇವದುರ್ಗದ ಸರೋಜಾ ತಲೆಯ ಮೇಲಿನ ಸೆರಗು ಜಾರಗೊಡುತ್ತಿರಲಿಲ್ಲ. ಎಲ್ಲರದೂ ಊಟವಾದ ಮೇಲೆ ಒಲೆಯ ಪಕ್ಕ ಕುಳಿತು ಸದ್ದಿಲ್ಲದೆ ಉಣ್ಣುತ್ತಿದ್ದಳು. ವರ್ಷಕ್ಕೊಮ್ಮೆ ಅವಳೂ ನಾನೂ ಅವಳ ತವರು ಮಾನ್ವಿಯಲ್ಲಿ ಬಸ್ಸಿಳಿದು, ನೆನೆದ ಭತ್ತದ ಹುಲ್ಲಿನ ವಾಸನೆ ಬರುವ ದಾರಿಯಲ್ಲಿ ನಡೆದು ಕಾಲುವೆಯ ದಂಡೆಗೆ ಬರುವಷ್ಟರಲ್ಲಿ, ಆ ಕಡೆಯಿಂದ ಸೋದರಮಾವ "ಹುಲಿಗೀ" ಎಂದು ಕೂಗುತ್ತಿದ್ದ. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಹಲ್ಲು ಕಾಣುವಂತೆ ನಗುವ ಈ ಹೆಂಗಸು ಯಾರೆಂದು ನನಗೆ ಹೆದರಿಕೆಯಾಗಿ ಅಳುತ್ತಿದ್ದೆ. ಮಾವ ನನ್ನನ್ನು ಎತ್ತಿಕೊಂಡು, "ಅಳಬ್ಯಾಡ ಲೇ. ಹುಲಿಗಿ ನಮ್ಮಾಕಿ, ಇಲ್ಲೇ ಇರ್ತಾಳ. ನಿಮ್ಮ ಸರೋಜಾನ್ನ ನೀ ಕರ್ಕೊಂಡು ಹೋಗು" ಎನ್ನುತ್ತಿದ್ದ. ಮಾನ್ವಿಯ ಅಜ್ಜಿ ಸತ್ತ ಮೇಲೆ ನಾವು ಹೋಗುವುದು ನಿಂತಿತು. ಮಾವನೇ ವರ್ಷಕ್ಕೊಂದು ಚೀಲ ಅಕ್ಕಿ ತಂದು ನಮ್ಮ ಹೊಸ್ತಿಲಲ್ಲಿ ಇಳಿಸಿ, ಎಲ್ಲರಂತೆ "ಸರೋಜಮ್ಮಾ" ಎಂದು ಕರೆಯುತ್ತಿದ್ದ. ಅವ್ವ ಆ ಅಕ್ಕಿಯಲ್ಲಿ ಕೈಯಾಡಿಸುತ್ತ, "ಇಷ್ಟು ಬಂದ್ರ ಸಾಕು ನನಗ" ಎನ್ನುತ್ತಿದ್ದಳು.

ಆ ಅಕ್ಕಿ ಬೆಳೆದ ಎರಡು ಎಕರೆ ಹುಲಿಗೆಮ್ಮನ ಹೆಸರಿನಲ್ಲಿದೆ. ಮದುವೆಗೆ ಮೊದಲೇ ಅವಳ ಅಪ್ಪ ಬರೆದುಕೊಟ್ಟದ್ದು. ಉಳುತ್ತ ಬಂದವನು ಮಾವ. ಆ ಹುಲಿಗೆಮ್ಮನೂ ಸರೋಜಮ್ಮನೂ ಒಬ್ಬಳೇ ಎಂದು ನಾನು ಅಫಿಡವಿಟ್ ಬರೆದುಕೊಟ್ಟರೆ ಹೊಲ ಮಕ್ಕಳಾದ ನಮಗೆ ಬರುತ್ತದೆ. ಎರಡೂ ಹೆಸರನ್ನು ಕಿವಿಯಾರೆ ಕೇಳಿದವಳು ಮೂವರು ಮಕ್ಕಳಲ್ಲಿ ಹಿರಿಯಳಾದ ನಾನೊಬ್ಬಳೇ.

ನಾವಿನ್ನೂ ಅಂಗಡಿಯಲ್ಲಿದ್ದಾಗಲೇ ದೇವದುರ್ಗದಿಂದ ತಮ್ಮ ಈರಣ್ಣ ಫೋನು ಮಾಡಿದ. "ಯಕ್ಕಾ, ದೇವದುರ್ಗದ ಮನಿ ಮೂರು ಪಾಲು ಮಾಡೂಣು, ಬ್ಯಾಡ ಅನ್ನಂಗಿಲ್ಲ. ಆದ್ರ ಮಾವನ ಹೊಲದ ತಂಟೆ ಬ್ಯಾಡ. ನಾಳೆ ಯಾವ ಮುಖ ಇಟ್ಕೊಂಡು ಅವನ ಮನಿಗೆ ಹೋಗ್ತಿ?"

ಶಾಂತಾ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ನೀ ಸ್ವಂತ ಮನ್ಯಾಗ ಕುಂತು ಮಾತಾಡಾಕತ್ತಿ. ನಾ ಬಾಡಿಗಿ ಮನ್ಯಾಗ ಮಗಳನ್ನ ಓದಸಾಕತ್ತೀನಿ. ಅದು ಮಾವನ ಹೊಲ ಅಲ್ಲೋ, ಅವ್ವನ ಹೊಲ."

ಇಬ್ಬರ ಮಾತೂ ಖರೆ ಅನಿಸಿತು. ನಾನು ಹೊರಗೆ ಬಂದು ಮಾವನಿಗೇ ಫೋನು ಮಾಡಿದೆ. ಅವನು ಹೊಲದ ಸುದ್ದಿ ಎತ್ತಲಿಲ್ಲ. "ನಾಟಿ ಮುಗೀತವ್ವಾ. ಈ ಸಲ ಕಾಲುವಿಗೆ ನೀರು ಚಲೋ ಬಂದದ" ಎಂದಷ್ಟೇ ಹೇಳಿ ಫೋನಿಟ್ಟ. ಅದು ಬೇಡಿಕೊಂಡದ್ದೋ, ಕೈಬಿಟ್ಟದ್ದೋ? "ಸಾಕು ನನಗ" ಎಂದ ಅವ್ವ ಅಕ್ಕಿಗಷ್ಟೇ ಹೇಳಿದ್ದಳೋ, ಹೊಲಕ್ಕೂ ಸೇರಿಸಿಯೋ? ತಾಯಿಯನ್ನು ಕಳೆದುಕೊಂಡ ನಿಮಗೂ ಇಂಥ ಒಂದು ಮಾತು ಉಳಿದಿರಬಹುದು. ಕೇಳಿ ತಿಳಿಯೋಣವೆಂದರೆ ಆಡಿದವರೇ ಇಲ್ಲ.

ಒಳಗೆ ಹೋಗಿ ಸಹಿ ಮಾಡಿದೆ. ಸುಳ್ಳು ಬರೆದಿರಲಿಲ್ಲ. ಆದರೂ, "ಸದರಿ ಇಬ್ಬರೂ ಒಬ್ಬರೇ ವ್ಯಕ್ತಿ" ಎಂಬ ಸಾಲನ್ನು ಓದುವಾಗ, ಕಾಲುವೆಯ ದಂಡೆಯ ಮೇಲೆ ಓಡುವವಳನ್ನು ಹಿಡಿದು ತಂದು ಒಲೆಯ ಮುಂದೆ ಕೂರಿಸಿದಂತೆ ಅನಿಸಿತು.

ಮಾವನಿಗೆ ತಿಳಿಸಬೇಕೆಂದು ಸಂಜೆ ಮೂರು ಸಲ ಫೋನು ಕೈಗೆತ್ತಿಕೊಂಡೆ, ಮೂರು ಸಲವೂ ಇಟ್ಟೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಂಡೆವು. ಶಾಂತಾ ಮತ್ತೊಂದು ರೊಟ್ಟಿ ಹಾಕಿಸಿಕೊಂಡಳು. "ಬೆಳಿಗ್ಗೆ ಇಬ್ರೂ ಕೂಡಿ ಹೇಳೂಣಕ್ಕ ಮಾವಗ" ಎನ್ನುತ್ತಲೇ, ಮೊದಲು ಅವಳೇ ಮಲಗಿದಳು.